ಅಪ್ಪನ ಎಡೆಯ ಬ್ರಾಂದಿ

ಸಾಂಬ್ರಾಣಿ ಹೊಗೆಗೆ ಬ್ರಾಂದಿಯ ವಾಸನೆ ಸೇರಿದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ಬೆಟ್ಟದಪುರದ ಹತ್ತಿರದ ನಮ್ಮೂರಿನಲ್ಲಿ, ಹಿರಿಯರ ಹಬ್ಬದ ದಿನ ಸತ್ತವರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆ ಇಡುತ್ತಾರೆ. ಕುಡಿದು ಕುಡಿದೇ ಸತ್ತ ಅಪ್ಪನ ಫೋಟೊ ಮುಂದೆ ಅವ್ವ ಆ ವರ್ಷ ಮುದ್ದೆ, ಬಾಡಿನ ಸಾರು, ಒಂದು ಲೋಟ ನೀರು ಮಾತ್ರ ಇಟ್ಟಳು.

"ಅತ್ಗಮ್ಮ, ಅಣ್ಣಂಗೆ ಬ್ರಾಂದಿ ಎಲ್ಲಿ?" ಎಂದ ಚಿಕ್ಕಪ್ಪ.

"ಅದೇ ಕಣಪ್ಪಾ ಅವರ್ನ ತಿಂದಿದ್ದು."

"ಸತ್ತೋರ ಆಸೆ ತೀರಿಸ್ದೆ ಇದ್ರೆ ಮನೆಗೆ ಒಳ್ಳೇದಾಗಲ್ಲ, ಬುಡು," ಎಂದು ಅವನೇ ಬಾಟಲಿ ತಂದಿಟ್ಟ.

ಅಪ್ಪ ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕಾದೆವು. ಬಾಗಿಲು ತೆರೆದಾಗ ಬಾಟಲಿ ತುಂಬಿದಂತೆಯೇ ಇತ್ತು. ಸತ್ತವನು ಮುಟ್ಟದ್ದನ್ನು ಇದ್ದವರು ಖಾಲಿ ಮಾಡಿದರು. ಇನ್ನೂ ಮೀಸೆ ಮೂಡದ ನನ್ನ ಅಣ್ಣನಿಗೂ ಚಿಕ್ಕಪ್ಪ ಒಂದು ಮುಚ್ಚಳ ಕುಡಿಸಿದ.

"ಕುಡೀಲಾ, ನಿಮ್ಮಪ್ಪನ ಪ್ರಸಾದ ಕಣ್ಲಾ."

ಎಲ್ಲರೂ ನಕ್ಕರು. ಅವ್ವ ಎದ್ದು ಒಳಗೆ ಹೋದಳು.

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಗೋಡೆಯ ಮೇಲೆ ಅಪ್ಪನ ಪಕ್ಕದಲ್ಲಿ ಈಗ ಅಣ್ಣನ ಫೋಟೊ. ಅತ್ತಿಗೆ ಎಡೆ ಇಡುತ್ತಿದ್ದಳು. ಚಿಕ್ಕಪ್ಪ ಯಾರ ಮುಖವನ್ನೂ ನೋಡದೆ ಎರಡು ಬಾಟಲಿ ತಂದಿಟ್ಟ.