ಬಾಸಿಂಗ ಬಿಚ್ಚಾಕಿ

ಚಿತ್ತಾಪುರದ ಕಾಲೇಜಿನಲ್ಲಿ ನಮ್ಮ ಜೀವಶಾಸ್ತ್ರದ ಮೇಡಂ ಬೋರ್ಡು ಬಿಟ್ಟು, ನೆಲದ ಶಹಾಬಾದಿ ಫರಸಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಜೀವಕೋಶ ಬರೆಯುತ್ತಿದ್ದರು.

"ಫಾಸ್ಫೇಟ್ ಅಂದ್ರ ಬಾಸಿಂಗ ಇದ್ದಂಗ. ಕಟ್ಟಿದ್ರ ಜೀವಕೋಶ ಒಂದಕ್ಕೆರಡಾಗಿ ಮೆರವಣಿಗಿ ಹೊಂಡ್ತದ. ಬಾಗಲ್ದಾಗ ನಿಂತು ಅದನ್ನ ಬಿಚ್ಚಾಕಿ ಫಾಸ್ಫಟೇಸ್ ಅನ್ನೋ ಕಿಣ್ವ. ಆಕಿನ ಜೀನ್ ಕೆಟ್ರ ಬಾಸಿಂಗ ಬಿಚ್ಚೋರು ಯಾರು?" ಎಂದು ಕೇಳಿ, ಪ್ರತಿ ಸಲ ತಾವೇ ಹೇಳುತ್ತಿದ್ದರು: "ಮದುವಿ ಮುಗದ್ರೂ ಮದಿಮಗ ಮೆರವಣಿಗಿ ಬಿಡಂಗಿಲ್ಲ. ಕ್ಯಾನ್ಸರ್ ಹಿಂಗೂ ಬರ್ತದ."

ಮುಂದೆ ಅವರಿಗೇ ಕ್ಯಾನ್ಸರ್ ಆಯಿತು. ಚಿಕಿತ್ಸೆ ಮುಗಿಸಿ, ತಲೆಗೆ ಸೆರಗು ಹೊದ್ದು ಬಂದ ದಿನ ನಾವೆಲ್ಲ ತಲೆ ತಗ್ಗಿಸಿ ಪುಸ್ತಕ ನೋಡುತ್ತ ಕೂತೆವು. ಮೇಡಂ ಸೆರಗು ಸರಿಸಿ ಬೋಳುತಲೆ ಸವರಿಕೊಂಡರು.

"ಯಾಕ ತೆಲಿ ತಗ್ಗಿಸಿ ಕುಂತೀರಿ? ಡಾಕ್ಟರು ಬಾಸಿಂಗ ಬಿಚ್ಚ್ಯಾರ. ಅವಸರದಾಗ ಕೂದಲಾನೂ ಒಯ್ದಾರ!"