ಜರ್ಮನ್ ಸಿಪಾಯಿಯ ಪ್ಯಾಂಟಿಗೆ ಅರಿಶಿನ

ಗೆಳೆಯರೇ, ಮೊದಲ ಮಹಾಯುದ್ಧದ ವೇಷ ಹಾಕಿ ಕಾಳಗ ಆಡುವ ನಮ್ಮ ಗುಂಪು ಇವತ್ತು ನಾನಿರುವ ಈ ಪರದೇಶದ ಆಲ್ಡಿ ಎಂಬ ಊರಿನ ಬಯಲಿನಲ್ಲಿ ಸೇರಿತ್ತು. ನನ್ನದು ಜರ್ಮನ್ ಸಿಪಾಯಿಯ ಪಾತ್ರ. ಆ ಕಾಲದ ಮಾದರಿಯಲ್ಲೇ ಹೊಲಿದ ಒರಟು ಉಣ್ಣೆಯ ಪ್ಯಾಂಟು ತರಿಸಿದ್ದೆ. ಮೈಸೂರಿನಿಂದ ಬಂದಿರುವ ಅಮ್ಮ, ಹೊಸ ಬಟ್ಟೆಯಲ್ಲವೇ ಎಂದು ಅದರ ಅಂಚಿಗೆ ಅರಿಶಿನ ಹಚ್ಚಿಬಿಟ್ಟಿದ್ದರು.

ವೇಷ ತಪಾಸಣೆ ಮಾಡುವ ನಮ್ಮ ಸಾರ್ಜೆಂಟ್ ಬಾಬ್ ಬಗ್ಗಿ ನೋಡಿ ತಡೆದ. "ಏನಿದು ಹಳದಿ ಕಲೆ? ಜರ್ಮನ್ನರ ಪ್ಯಾಂಟಲ್ಲಿ ಇದಿರಲಿಲ್ಲ. ನಿನ್ನ ಒಳಗೆ ಬಿಡೋಕಾಗಲ್ಲ."

ಪಕ್ಕದಲ್ಲೇ ಇದ್ದ ಅಮ್ಮನ ಮೇಲೆ ರೇಗಿದೆ. "ಜರ್ಮನ್ನರು ಅರಿಶಿನ ಹಚ್ತಿರಲಿಲ್ವಂತೆ, ನೋಡಮ್ಮ!"

"ಅದಕ್ಕೇ ಕಣೋ ಅವ್ರು ಸೋತಿದ್ದು."

ಬಾಬ್‌ಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನಕ್ಕು ನನ್ನನ್ನು ಒಳಗೆ ಬಿಟ್ಟ. ಬಿಟ್ಟಿದ್ದಲ್ಲದೆ, ತನ್ನ ಜರ್ಮನ್ ಕೋಟಿನ ತುದಿಯನ್ನೂ ಅಮ್ಮನ ಮುಂದೆ ಹಿಡಿದ.