ಗೋಡೆಯ ಮೇಲೆ ಓಡಿದ ಹೆಸರು

ಈಗಲೂ ಎಲ್ಲಾದರೂ ಸೀಮೆಎಣ್ಣೆಯಲ್ಲಿ ಕುಂಚ ತೊಳೆದ ವಾಸನೆ ಬಂದರೆ ಹುಮನಾಬಾದಿನ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣೆದುರು ಬಂದು ನಿಲ್ಲುತ್ತದೆ. ಮುತ್ಯಾ, ಅಂದರೆ ನನ್ನ ಅಪ್ಪನ ಅಪ್ಪ, ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಅವನ ಅಂಗಿಗೆ ಹತ್ತಿದ ಬಣ್ಣವನ್ನು ಕೆರೆದಿದ್ದರೆ ಬಸವಕಲ್ಯಾಣದ ಕೋಟೆಗೆ ಎರಡು ಸಲ ಬಳಿಯಬಹುದಿತ್ತು. ಕನ್ನಡ, ಉರ್ದು, ಮರಾಠಿ ಯಾವುದಾದರೂ ಸರಿ, ಪೆನ್ಸಿಲ್ ಗೆರೆ ಹಾಕುತ್ತಿರಲಿಲ್ಲ. ಉಸಿರು ಎಳೆದುಕೊಂಡು ಕುಂಚ ಇಟ್ಟನೆಂದರೆ ಪದ ಮುಗಿಯುವ ತನಕ ಆ ಉಸಿರು ಬಿಡುತ್ತಿರಲಿಲ್ಲ. ಉದ್ದ ಹೆಸರಿನ ಅಂಗಡಿಯವರು ಬಂದಾಗ ಮುದುಕ ಎಲ್ಲಿ ಸತ್ತುಹೋಗುತ್ತಾನೋ ಎಂದು ನಾನು ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಒಮ್ಮೆ ಎಳೆದ ಗೆರೆಯನ್ನು ಅವನು ಎಂದೂ ತಿದ್ದಿದವನಲ್ಲ.

ಸುಜಾತಾ ಅತ್ತೆಗೆ ಚಿಟಗುಪ್ಪದ ಗಂಡು ಗೊತ್ತಾದಾಗ ನನಗೆ ಹತ್ತು ವರ್ಷ, ಮುತ್ಯಾನ ಬಲಗೈಗೆ ನಡುಕ ಹತ್ತಿ ಒಂದು ವರ್ಷ. ಮದುವೆ ಮನೆಯ ಬಾಗಿಲ ಪಕ್ಕದ ಗೋಡೆಗೆ ಸುಣ್ಣ ಬಳಿದು ಹೆಣ್ಣು ಗಂಡಿನ ಹೆಸರು ಬರೆಸುವುದು ನಮ್ಮ ಕಡೆಯ ರೂಢಿ. ಊರಿನ ಅರ್ಧ ಮದುವೆಗಳ ಗೋಡೆ ಬರೆದವನು ಸ್ವಂತ ಮಗಳದ್ದನ್ನು ಬರೆಯದಿದ್ದರೆ ಹೇಗೆ? ಆದರೆ ಆಗ ಬಸಿಗೆ ಸುರಿದುಕೊಂಡ ಚಹಾ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧವನ್ನು ಅಂಗಿಯೇ ಕುಡಿದಿರುತ್ತಿತ್ತು. "ಬ್ಯಾನರ್ ಹಾಕ್ಸೂನು ಬಿಡಪ್ಪಾ, ಮಂದಿ ನಗ್ತಾರ," ಎಂದ ನನ್ನ ಅಪ್ಪ. ಮುತ್ಯಾ ಎರಡು ದಿನ ಕುಂಚದ ಡಬ್ಬಿ ತೆರೆಯಲಿಲ್ಲ.

ಆಗ ನಾನು ಅವ್ವನ ಫೋನಿನಲ್ಲಿ ಅವನಿಗೊಂದು ವಿಡಿಯೋ ತೋರಿಸಿದೆ. ಚೀನಾದ ಒಬ್ಬ ಮುದುಕ ನೆಲಕ್ಕೆ ಕಾಗದ ಹಾಸಿ ಪೊರಕೆಯಷ್ಟು ದೊಡ್ಡ ಕುಂಚದಿಂದ ಬರೆಯುತ್ತಿದ್ದ. ಅಕ್ಷರಗಳು ಒಂದರ ಕೈ ಒಂದು ಹಿಡಿದು ಓಡುತ್ತಿದ್ದವು. ಅದಕ್ಕೆ ಹುಲ್ಲಿನ ಬರಹ ಅನ್ನುತ್ತಾರೆ, ಹಿಂದೆ ಒಬ್ಬ ಉಸ್ತಾದ ಕುಡಿದ ಅಮಲಿನಲ್ಲಿ ತಲೆಗೂದಲನ್ನೇ ಮಸಿಯಲ್ಲಿ ಅದ್ದಿ ಬರೆಯುತ್ತಿದ್ದನಂತೆ ಎಂದೆ. ಮುತ್ಯಾ ಬೋಳು ತಲೆ ಸವರಿಕೊಂಡು, "ಆ ದಾರಿ ನನಗ ಬಂದ್ ಆಗ್ಯದ," ಎಂದ. ವಿಡಿಯೋವನ್ನು ಏಳು ಸಲ ನೋಡಿದ. ನಾನು ಓಣಿಗೆಲ್ಲ ಎಪ್ಪತ್ತು ಎಂದು ಹೇಳಿದೆ. ಕೊನೆಗೆ ಒಂದು ಕಡೆ ಬೆರಳಿಟ್ಟು ನಿಲ್ಲಿಸಿದ. ಅಲ್ಲಿ ಮಸಿ ಒಣಗುತ್ತ ಬಂದು ಗೆರೆಯ ನಡುವೆ ಬಿಳಿ ಕಾಗದ ಕಾಣುತ್ತಿತ್ತು. "ನೋಡಿಲ್ಲಿ, ಮಸಿ ತೀರ್‍ಯದ, ಆದ್ರೂ ಮುದುಕ ನಿಂತಿಲ್ಲ. ನಾ ಇಷ್ಟು ದಿನ ಕೈ ನಿಂದ್ರಸಾಕ ಹೋಗಿ ಕೆಟ್ಟೆ."

ಮರುದಿನ ಬೆಳಿಗ್ಗೆ ಕೆಂಪು ಬಣ್ಣ ಕಲಸಿ ಗೋಡೆಯ ಮುಂದೆ ನಿಂತ. ನಡುಗುವ ಕೈಯನ್ನು ಹಿಡಿಯಲಿಲ್ಲ, ಓಡಲು ಬಿಟ್ಟ. ಭುಜದಿಂದ ಬರೆದ, ಸೊಂಟದಿಂದ ಬರೆದ. ಅತ್ತೆಯ ಹೆಸರಿನ ಕೊನೆಯ ದೀರ್ಘದ ಬಾಲ ಕಿಟಕಿಯ ತನಕ ಹೋಗಿ, ಬಣ್ಣ ತೀರಿ, ಸುಣ್ಣದಲ್ಲಿ ಕರಗಿತು. ನೆರೆದ ಯಾರಿಗೂ ಓದಲು ಬರಲಿಲ್ಲ. ಪಕ್ಕದ ಮನೆಯ ಗುಂಡಮ್ಮ, "ಇದೇನ್ರಿ ಅಣ್ಣಾ, ಹೆಸರೋ, ಹಗ್ಗ ಹರಕೊಂಡ ಆಡೋ?" ಎಂದಳು. ಎಲ್ಲರೂ ನಕ್ಕರು. ಯಾವಾಗಲೂ ಎಲ್ಲರಿಗಿಂತ ಮೊದಲು ನಗುವ ನನಗೆ ಅಂದು ನಗು ಬರಲಿಲ್ಲ. ಮುತ್ಯಾ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದ, ಕುಂಚದಿಂದ ಹನಿ ಬೀಳುತ್ತಿತ್ತು. ಆಗ ಅರಿಶಿನ ಹಚ್ಚಿಕೊಂಡಿದ್ದ ಅತ್ತೆ ಒಳಗಿನಿಂದ ಬಂದಳು. ಗೋಡೆ ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸುತ್ತ ಆ ಗೆರೆಯ ಹಿಂದೆ ಕಿಟಕಿಯ ತನಕ ನಡೆದಳು. "ನನ್ನ ಹೆಸರೇ ಅದ ಅಪ್ಪಾ. ಓಡಾಕತ್ತದ, ಅಷ್ಟೇ. ಬ್ಯಾನರ್ ಬ್ಯಾಡ." ಮದುವೆಯ ದಿನ ಗಂಡಿನ ಕಡೆಯವರು ಗೋಡೆ ಓದಲಾಗದೆ ನಮ್ಮ ಮನೆ ದಾಟಿ ಹೋಗಿ, ಬಸ್ ನಿಲ್ದಾಣ ನೋಡಿಕೊಂಡು ತಿರುಗಿ ಬಂದರು.

ಅದೇ ಮುತ್ಯಾ ಬರೆದ ಕೊನೆಯ ಗೋಡೆ. ಅವನು ತೀರಿಕೊಂಡ ಎರಡು ವರ್ಷಕ್ಕೆ ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ ಬಿತ್ತು. ಸುದ್ದಿ ಕೇಳಿ ಅತ್ತೆ ಮೊದಲ ಬಸ್ಸಿಗೆ ಬಂದು, ಗಾರೆಯ ಒಂದು ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಈಗದು ಅವಳ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಇದೆ. ಅದರಲ್ಲಿ ಒಂದಕ್ಷರವೂ ಪೂರ್ತಿಯಿಲ್ಲ. ತೀರುತ್ತಿರುವ ಕೆಂಪು, ನಡುನಡುವೆ ಸುಣ್ಣದ ಬಿಳಿ. ಅತ್ತೆಯ ಮಗ ಅದನ್ನು ಕುದುರೆ ಬಾಲ ಅನ್ನುತ್ತಾನೆ. ಹೋದ ವಾರ ನಾನು ಆ ಗೆರೆಯ ಮೇಲೆ ಮೆಲ್ಲಗೆ ಬೆರಳು ಎಳೆದೆ. ತುಂಡು ಮುಗಿದರೂ ಬೆರಳು ಗಾಳಿಯಲ್ಲಿ ಸ್ವಲ್ಪ ಮುಂದೆ ಹೋಯಿತು. ಆಮೇಲೆ ಗೊತ್ತಾಯಿತು, ಅಷ್ಟು ಹೊತ್ತೂ ನಾನು ಉಸಿರು ಹಿಡಿದಿದ್ದೆ.